ಬ್ಯಾಟರಿಯ ಬದಲಾವಣೆ : ಒಂದು ವಿವೇಚನೆ

ರಾತ್ರಿಯ ಅಭ್ಯಾಸದ ವೇಳೆಯಲ್ಲಿ ವಿದ್ಯುತ್ತು ಹೋದಾಗ ವಸತಿನಿಲಯದ ಇನ್ವರ್ಟರ್ ಎಷ್ಟು ಹೊತ್ತು ದೀಪ ಉರಿಸೀತು ಎಂಬುದು ಮೇಲ್ನೋಟಕ್ಕೆ ಕ್ಷುಲ್ಲಕ ಪ್ರಶ್ನೆಯೆನಿಸಬಹುದು. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶಾಲೆಗಳಿಗೆ ಅದು ಕ್ಷುಲ್ಲಕವಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಯುವುದು ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ. ಇಲ್ಲಿಯ ಬಿಸಿಲು ನಲವತ್ತು ಡಿಗ್ರಿಯನ್ನು ಮುಟ್ಟುವುದೂ, ಸಂಜೆಯ ಗಾಳಿ-ಗುಡುಗುಗಳಿಗೆ ವಿದ್ಯುತ್ ತಂತಿಗಳು ಹರಿದುಬೀಳುವುದೂ ಆ ಕಾಲದಲ್ಲಿಯೇ. 2025ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆಯು ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿ ನಿಂತಿತು. ಅದಕ್ಕೆ ಕಾರಣಗಳು ಹಲವು. ಅಭ್ಯಾಸಗೃಹದ ಕತ್ತಲೆಯೊಂದೇ ಕಾರಣವೆಂದು ಯಾರೂ ಹೇಳಲಾರರು. ಆದರೂ ಆ ಹಲವು ಕಾರಣಗಳಲ್ಲಿ ಆಡಳಿತ ಮಂಡಳಿಯು ತಾನೇ ಮುಂದಾಗಿ ನಾಲ್ಕು ದಿನಗಳಲ್ಲಿ ಸರಿಪಡಿಸಬಲ್ಲಂಥವು ಬಹಳಿಲ್ಲ. ಇದು ಅಂಥವುಗಳಲ್ಲೊಂದು.

ಸಾಮಾನ್ಯವಾಗಿ ನಡೆಯುವುದು ಹೀಗೆ. ಬ್ಯಾಟರಿ ಕೆಟ್ಟಿತೆಂದು ತಿಳಿದೊಡನೆ ಪೇಟೆಯ ಅಂಗಡಿಗೆ ಹೋಗಿ ಅದೇ ಅಳತೆಯದನ್ನೋ, ಹಣವಿದ್ದರೆ ಅದಕ್ಕಿಂತ ದೊಡ್ಡದನ್ನೋ ತರಲಾಗುತ್ತದೆ. ಯಾರಾದರೊಬ್ಬ ದಾನಿಗಳು ಹಣ ಕೊಡುತ್ತಾರೆ. ಹಳೆಯದನ್ನು ಮರಳಿಕೊಟ್ಟು ಅದರ ಬೆಲೆಯನ್ನು ವಜಾ ಮಾಡಿಸಿಕೊಳ್ಳಲಾಗುತ್ತದೆ. ಎರಡು ವರ್ಷ ಕಳೆಯುವುದರೊಳಗೆ ಹೊಸದೂ ಹಳೆಯದರ ಹಾದಿ ಹಿಡಿಯುತ್ತದೆ. ತಯಾರಕರನ್ನು ದೂಷಿಸಿ ಇನ್ನೊಂದು ಹೆಸರಿನ ಬ್ಯಾಟರಿಯನ್ನು ತರಲಾಗುತ್ತದೆ. ಅದರ ಗತಿಯೂ ಅಷ್ಟೇ. ಈ ಸರಪಳಿಯಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ: ಮೊದಲನೆಯ ಬ್ಯಾಟರಿ ಯಾವ ಕಾರಣದಿಂದ ಸತ್ತಿತು? ಬ್ಯಾಟರಿಯ ಆಯ್ಕೆಯು ಅಂಗಡಿಯಲ್ಲಿ ಆರಂಭವಾಗತಕ್ಕದ್ದಲ್ಲ. ಹಳೆಯ ಬ್ಯಾಟರಿಯ ಮುಂದೆ, ಲೇಖನಿ-ಕಾಗದಗಳೊಡನೆ ಆರಂಭವಾಗತಕ್ಕದ್ದು.

ಹಳೆಯದರ ಪರೀಕ್ಷೆ

ಸೀಸ ಮತ್ತು ಗಂಧಕಾಮ್ಲಗಳ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋ ಪ್ಲಾಂಟೆ 1859ರಲ್ಲಿ ರಚಿಸಿದನು. ಇಂದು ನಮ್ಮ ನಾಡಿನ ಇನ್ವರ್ಟರುಗಳ ಕೆಳಗೆ ಕುಳಿತಿರುವ ಬ್ಯಾಟರಿಗಳಲ್ಲಿ ಬಹುಪಾಲು ಅದೇ ವಂಶದವು. ಪ್ರತಿಯೊಂದು ಕೋಶವು ಸುಮಾರು 2 ವೋಲ್ಟ್ ಕೊಡುತ್ತದೆ. ಆರು ಕೋಶಗಳು ಒಂದರ ಹಿಂದೊಂದು ಸೇರಿ 12 ವೋಲ್ಟಿನ ಪೆಟ್ಟಿಗೆಯಾಗುತ್ತದೆ. ವಿದ್ಯುತ್ತು ಹೊರಹರಿಯುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲವು ನೀರಾಗುತ್ತ ಹೋಗುತ್ತದೆ. ಚಾರ್ಜ್ ಮಾಡುವಾಗ ಈ ಕ್ರಿಯೆ ಹಿಮ್ಮುಖವಾಗುತ್ತದೆ. ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಆ ಸಲ್ಫೇಟು ಗಟ್ಟಿ ಹರಳಾಗಿ ಫಲಕಗಳಿಗೆ ಅಂಟಿಕೊಂಡು ಮರಳಿ ಕರಗಲಾರದು. ಬೇಸಿಗೆ ರಜೆಯಲ್ಲಿ ಬೀಗ ಹಾಕಿದ ವಸತಿನಿಲಯಗಳ ಬ್ಯಾಟರಿಗಳು ಜೂನ್ ತಿಂಗಳಲ್ಲಿ ನಿರ್ಜೀವವಾಗಿ ಕಾಣಿಸುವುದಕ್ಕೆ ಇದೇ ಮುಖ್ಯ ಕಾರಣ.

ಆಮ್ಲವು ನೀರಾಗುತ್ತ ಹೋಗುವುದರಿಂದಲೇ ಅದರ ಸಾಂದ್ರತೆಯನ್ನು ಅಳೆದು ಬ್ಯಾಟರಿಯ ಸ್ಥಿತಿಯನ್ನು ತಿಳಿಯಬಹುದಾಗಿದೆ. ಹೈಡ್ರೋಮೀಟರ್ ಎಂಬ ಗಾಜಿನ ಪಿಚಕಾರಿಯು ಅಲ್ಪ ಬೆಲೆಗೆ ದೊರೆಯುತ್ತದೆ. ವಿಜ್ಞಾನ ಶಿಕ್ಷಕರು ಕನ್ನಡಕ ಮತ್ತು ರಬ್ಬರಿನ ಕೈಚೀಲ ಧರಿಸಿ ಆರೂ ಕೋಶಗಳನ್ನು ಅಳೆಯಬೇಕು; ಅಂಕಿಗಳನ್ನು ಬರೆದುಕೊಳ್ಳುವ ಕೆಲಸ ಹತ್ತನೆಯ ವರ್ಗದ ವಿದ್ಯಾರ್ಥಿಗಳದ್ದು. ಇದಕ್ಕಿಂತ ಒಳ್ಳೆಯ ರಸಾಯನಶಾಸ್ತ್ರದ ಪಾಠ ಪುಸ್ತಕದಲ್ಲಿ ಸಿಗುವುದು ಕಷ್ಟ. ಟ್ಯೂಬುಲರ್ ಬ್ಯಾಟರಿ ಪೂರ್ಣ ತುಂಬಿದಾಗ ಸಾಂದ್ರತೆಯು ಸುಮಾರು 1.240 ಇರುತ್ತದೆ; ಸರಿಯಾದ ಅಂಕಿಯನ್ನು ತಯಾರಕರೇ ಕಾಗದದಲ್ಲಿ ಮುದ್ರಿಸಿರುತ್ತಾರೆ. ಬೇಸಿಗೆಯಲ್ಲಿ ದ್ರವ ಹಿಗ್ಗುವುದರಿಂದ ಅಳತೆಯು ತುಸು ಕಡಿಮೆ ತೋರುತ್ತದೆ: 27 ಡಿಗ್ರಿಗಿಂತ 15 ಡಿಗ್ರಿ ಹೆಚ್ಚು ಬಿಸಿಯಿದ್ದರೆ 0.010ರಷ್ಟನ್ನು ಕೂಡಿಸಿಕೊಳ್ಳಬೇಕು.

ಈ ಆರು ಅಂಕಿಗಳು ಬಹಳಷ್ಟನ್ನು ಹೇಳುತ್ತವೆ. ಐದು ಕೋಶಗಳು 1.230 ತೋರಿಸಿ ಒಂದು ಮಾತ್ರ 1.150ರಲ್ಲಿ ನಿಂತಿದ್ದರೆ ಆ ಕೋಶ ಕೆಟ್ಟಿದೆ, ಬ್ಯಾಟರಿಯನ್ನು ಬದಲಾಯಿಸದೆ ಗತ್ಯಂತರವಿಲ್ಲ. ಆರೂ ಕೋಶಗಳು ಸಮನಾಗಿ 1.150 ತೋರಿಸಿದರೆ ವಿಷಯವೇ ಬೇರೆ: ಬ್ಯಾಟರಿ ಸತ್ತಿಲ್ಲ, ಹಸಿದಿದೆ. ಇನ್ವರ್ಟರಿನ ಚಾರ್ಜರ್ ದುರ್ಬಲವಾಗಿರಬಹುದು, ತಂತಿಯ ಬಿಲ್ಲೆ ಸಡಿಲವಾಗಿ ಬಿಳಿ-ಹಸಿರು ಕಿಲುಬು ಹಿಡಿದಿರಬಹುದು, ಅಥವಾ ತುಂಬಿದುದಕ್ಕಿಂತ ಹೆಚ್ಚನ್ನು ದಿನವೂ ತೆಗೆಯುತ್ತಿರಬಹುದು. ಇಂಥ ಸ್ಥಳದಲ್ಲಿ ಹೊಸ ಬ್ಯಾಟರಿಯನ್ನು ತಂದಿಟ್ಟರೆ ಅದೂ ಹಸಿದೇ ಸಾಯುತ್ತದೆ. ದೀರ್ಘಕಾಲ ಚಾರ್ಜ್ ಮಾಡಿದರೂ ಸಾಂದ್ರತೆ ಏರದಿದ್ದರೆ ಮಾತ್ರ ಫಲಕಗಳು ಹರಳುಗಟ್ಟಿವೆಯೆಂದು ತೀರ್ಮಾನಿಸಬೇಕು. ಇಷ್ಟನ್ನು ಮಾಡಿದ ಬಳಿಕ ಹೊಸ ಬ್ಯಾಟರಿಯ ಅಗತ್ಯವೇ ಇಲ್ಲವೆಂದು ಕಂಡುಬರುವ ಸಂದರ್ಭಗಳು ಅಪರೂಪವಲ್ಲ.

ಬೇಡಿಕೆಯ ಲೆಕ್ಕ

ಒಂದು ಅಭ್ಯಾಸಗೃಹವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 20 ವ್ಯಾಟಿನ ಆರು ಎಲ್.ಇ.ಡಿ. ಕೊಳವೆ ದೀಪಗಳು, 75 ವ್ಯಾಟಿನ ನಾಲ್ಕು ಸಾಮಾನ್ಯ ಫ್ಯಾನುಗಳು. ದೀಪಗಳಿಗೆ 120, ಫ್ಯಾನುಗಳಿಗೆ 300, ಒಟ್ಟು 420 ವ್ಯಾಟ್. ಮೂರು ಘಂಟೆಯ ಕತ್ತಲೆಗೆ 1260 ವ್ಯಾಟ್-ಘಂಟೆ ಬೇಕು. ಇನ್ವರ್ಟರ್ ತಾನೇ ನೂರಕ್ಕೆ ಹದಿನೈದರಷ್ಟನ್ನು ತಿನ್ನುವುದೆಂದು ಹಿಡಿದರೆ ಬ್ಯಾಟರಿಯಿಂದ ಹೊರಡಬೇಕಾದುದು ಸುಮಾರು 1480. ಇದನ್ನು 12ರಿಂದ ಭಾಗಿಸಿದರೆ 123 ಆಂಪಿಯರ್-ಘಂಟೆ. ಸೀಸದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಬೇಗ ಕುಗ್ಗುವುದರಿಂದ ಇದರ ಇಮ್ಮಡಿ, ಅಂದರೆ ಸುಮಾರು 250 ಆಂಪಿಯರ್-ಘಂಟೆಯ ಸಂಗ್ರಹ ಬೇಕಾಗುತ್ತದೆ. 150ರ ಬ್ಯಾಟರಿಗಳು ಎರಡು.

ಈಗ ಬ್ಯಾಟರಿಯನ್ನು ಮುಟ್ಟದೆ ಫ್ಯಾನುಗಳನ್ನು ಮಾತ್ರ ಬದಲಾಯಿಸಿ ನೋಡುವುದು. ಬಿ.ಎಲ್.ಡಿ.ಸಿ. ಮೋಟಾರಿನ ಫ್ಯಾನು ಸುಮಾರು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಬೀಸುತ್ತದೆ. ನಾಲ್ಕಕ್ಕೆ 120, ದೀಪಗಳೊಡನೆ ಒಟ್ಟು 240 ವ್ಯಾಟ್. ಮೂರು ಘಂಟೆಗೆ 720, ಇನ್ವರ್ಟರಿನ ತಿನಿಸು ಸೇರಿ ಸುಮಾರು 850, ಅಂದರೆ 71 ಆಂಪಿಯರ್-ಘಂಟೆ. ಇಮ್ಮಡಿಸಿದರೂ 142. ಒಂದೇ ಬ್ಯಾಟರಿ ಸಾಕು. ಫ್ಯಾನಿನ ರೆಕ್ಕೆಗಳ ಮೇಲೆ ದಾನಿಗಳ ಹೆಸರು ಬರೆಸುವ ವಾಡಿಕೆ ನಮ್ಮ ಮಠ-ಮಂದಿರಗಳಲ್ಲಿ ಮೊದಲಿನಿಂದಲೂ ಇದೆ. ಮೂಲೆಯ ಕತ್ತಲೆಯಲ್ಲಿ ಕೂಡುವ ಬ್ಯಾಟರಿಯ ಮೇಲಿನ ಹೆಸರನ್ನು ಯಾರು ಓದುತ್ತಾರೆ? ಬ್ಯಾಟರಿಯನ್ನು ಕೊಡಬಯಸುವವರಿಗೆ ನಾಲ್ಕು ಫ್ಯಾನುಗಳನ್ನು ಸೂಚಿಸುವುದು ಎಲ್ಲ ದೃಷ್ಟಿಯಿಂದಲೂ ಲೇಸು. ಫ್ಯಾನು ದಿನವಿಡೀ ವಿದ್ಯುತ್ ಬಿಲ್ಲನ್ನೂ ಇಳಿಸುತ್ತದೆ, ಬ್ಯಾಟರಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಇಲ್ಲಿ ಬ್ಯಾಟರಿಯ ಹೆಸರುಪಟ್ಟಿಯ ಬಗೆಗೆ ಒಂದು ಮಾತು. 150 ಎಂದು ಬರೆದ ಎರಡು ಬ್ಯಾಟರಿಗಳು ಸಮವಾಗಿರಬೇಕೆಂದಿಲ್ಲ. ಅಂಕಿಯ ಪಕ್ಕದಲ್ಲಿ ಸಿ-10 ಎಂದಿದ್ದರೆ ಹತ್ತು ಘಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡಿದಾಗ ಅಷ್ಟು ದೊರೆಯುವುದೆಂದು ಅರ್ಥ. ಸಿ-20 ಎಂದಿದ್ದರೆ ಇಪ್ಪತ್ತು ಘಂಟೆಗಳಲ್ಲಿ. ಸೀಸದ ಬ್ಯಾಟರಿಯಿಂದ ಬೇಗಬೇಗನೆ ತೆಗೆದಷ್ಟೂ ಒಟ್ಟು ದೊರೆಯುವುದು ಕಡಿಮೆ. ಆದುದರಿಂದ ಸಿ-20ರ 150ಕ್ಕಿಂತ ಸಿ-10ರ 150 ನಿಜವಾಗಿ ದೊಡ್ಡದು. ಮೇಲಿನ ಅಭ್ಯಾಸಗೃಹದಲ್ಲಿ ಹರಿಯುವ ಪ್ರವಾಹ ಸುಮಾರು 24 ಆಂಪಿಯರ್. ಇದು ಹತ್ತು ಘಂಟೆಯ ವೇಗಕ್ಕಿಂತಲೂ ಹೆಚ್ಚು. ಸೌರ ವಿದ್ಯುತ್ತಿನ ಬ್ಯಾಟರಿಗಳಿಗೆ ಭಾರತೀಯ ಮಾನಕ ಐ.ಎಸ್. 16270 ಎಂಬುದಿದೆ, ಸೌರ ಫಲಕಕ್ಕೆ ಕೊಳ್ಳುವಾಗ ಆ ಸಂಖ್ಯೆಯನ್ನು ದರಪಟ್ಟಿಯಲ್ಲಿಯೇ ನಮೂದಿಸಿ ಕೇಳುವುದು ಯುಕ್ತ.

ಬಿಸಿಲಿನ ಪ್ರಭಾವ

ಬೆಂಗಳೂರಿನಲ್ಲಿ ಐದು ವರ್ಷ ಬಾಳಿದ ಬ್ಯಾಟರಿ ಜೇವರ್ಗಿಯಲ್ಲಿ ಎರಡೂವರೆ-ಮೂರು ವರ್ಷಕ್ಕೆ ಮುಗಿದರೆ ಅದು ತಯಾರಕರ ಮೋಸವೆಂದೇ ಭಾವಿಸಬೇಕಾಗಿಲ್ಲ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಹೆಚ್ಚಿದಂತೆ ಸೀಸದ ಬ್ಯಾಟರಿಯ ಆಯುಷ್ಯವು ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರು ಒಪ್ಪಿರುವ ಸ್ಥೂಲ ನಿಯಮ. ಹೊರಗಿನ ಗಾಳಿಯ ಉಷ್ಣತೆಯನ್ನು ಮನುಷ್ಯನು ಬದಲಿಸಲಾರ. ಆದರೆ ಬ್ಯಾಟರಿಯ ಸುತ್ತಣ ಉಷ್ಣತೆಯನ್ನು ಬದಲಿಸಬಲ್ಲ. ಶಹಾಬಾದಿ ಕಲ್ಲು ಹೊದಿಸಿದ ಮಾಡಿನ ಕೋಣೆ ಹಗಲೆಲ್ಲ ಕಾದು ನಡುರಾತ್ರಿಯವರೆಗೂ ತಣಿಯದು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇನ್ವರ್ಟರನ್ನೂ ಬ್ಯಾಟರಿಯನ್ನೂ ಒಟ್ಟಿಗೆ ತುರುಕಿ ಬಾಗಿಲು ಮುಚ್ಚಿದರೆ ಇನ್ವರ್ಟರಿನ ಸ್ವಂತ ಶಾಖವೂ ಕೂಡಿಕೊಳ್ಳುತ್ತದೆ. ಬಿಸಿಲು ಬೀಳದ ಉತ್ತರದ ಗೋಡೆಯ ಕಡೆಗೆ, ಮೇಲೊಂದು ಕೆಳಗೊಂದು ಗವಾಕ್ಷಿಯುಳ್ಳ ನೆಲಮಟ್ಟದ ಕೋಣೆಯಲ್ಲಿ ಬ್ಯಾಟರಿಯನ್ನಿಟ್ಟರೆ ಕೆಲವು ಡಿಗ್ರಿಗಳು ತಾವಾಗಿಯೇ ಇಳಿಯುತ್ತವೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ನೆಲಮಟ್ಟವೆಂದಾಗ ಭೀಮೆಯನ್ನು ನೆನೆಯದಿರಲಾಗದು. 2020ರ ಅಕ್ಟೋಬರದಲ್ಲಿ ನದಿ ಉಕ್ಕಿ ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಹೊಳೆದಂಡೆಯ ಊರುಗಳಿಗೆ ನುಗ್ಗಿತು. ಅಂಥ ಊರುಗಳಲ್ಲಿ ಶಾಲೆಯೇ ಆಶ್ರಯದ ತಾಣವಾಗುತ್ತದೆ. ದೀಪವೂ ದೂರವಾಣಿಯ ಚಾರ್ಜೂ ಬೇಕಾಗುವುದು ಆಗಲೇ. ಹೊಳೆಯಿಂದ ದೂರವಿರುವಲ್ಲಿ ಮೊಳಕಾಲೆತ್ತರದ ಕಬ್ಬಿಣದ ಕಟ್ಟೆ ಸಾಕು. ಹಿಂದೆ ನೀರು ಬಂದ ಊರುಗಳಲ್ಲಿ ಆ ನೀರಿನ ಗುರುತಿಗಿಂತ ಮೇಲೆಯೇ ಬ್ಯಾಟರಿ ಕುಳಿತುಕೊಳ್ಳಬೇಕು. ಸ್ವಲ್ಪ ಬಿಸಿಲು ಹೆಚ್ಚಾದರೂ ಅಲ್ಲಿ ಅದನ್ನು ಸಹಿಸಿಕೊಳ್ಳುವುದೇ ವಿವೇಕ.

ಬಿಸಿಲಿನೊಡನೆ ಚಾರ್ಜಿನ ವೋಲ್ಟೇಜೂ ಇಳಿಯಬೇಕು. ಇದು ಅನೇಕರಿಗೆ ತಿಳಿಯದ ಸಂಗತಿ. 25 ಡಿಗ್ರಿಯಲ್ಲಿ 14.4 ವೋಲ್ಟಿಗೆ ತುಂಬಬೇಕಾದ ಬ್ಯಾಟರಿಗೆ 40 ಡಿಗ್ರಿಯಲ್ಲಿ ಸುಮಾರು 14.0 ಸಾಕು. ಹೆಚ್ಚಾದ ಆ ಅಷ್ಟು ವೋಲ್ಟೇಜು ಬ್ಯಾಟರಿಯೊಳಗಿನ ನೀರನ್ನು ಜಲಜನಕ-ಆಮ್ಲಜನಕಗಳಾಗಿ ಒಡೆದು ಹಾರಿಸುತ್ತದೆ, ಫಲಕಗಳನ್ನು ಕೊರೆಯುತ್ತದೆ. ಉಷ್ಣತೆಯನ್ನು ಗುರುತಿಸಿ ತಾನೇ ಇಳಿಸಿಕೊಳ್ಳುವ ತಂತಿಯೊಂದು ಒಳ್ಳೆಯ ಸೌರ ನಿಯಂತ್ರಕಗಳಿಗಿರುತ್ತದೆ. ಆ ತಂತಿಯನ್ನು ಡಬ್ಬಿಯೊಳಗೆ ಸುತ್ತಿಟ್ಟು ಜೋಡಣೆ ಮುಗಿಸಿ ಹೋಗುವ ಕೆಲಸಗಾರರೂ ಇದ್ದಾರೆ. ಅದು ಬ್ಯಾಟರಿಯ ಮೈಗೆ ಅಂಟಿದೆಯೋ ಇಲ್ಲವೋ ಎಂಬುದನ್ನು ಹಣ ಕೊಡುವ ಮೊದಲು ನೋಡಬೇಕು.

ನೀರಿನ ವಿಷಯದಲ್ಲಿ ಎರಡೇ ಮಾತು. ಮಾರ್ಚಿನಿಂದ ಜೂನಿನವರೆಗೆ ತಿಂಗಳಿಗೊಮ್ಮೆ, ಉಳಿದಂತೆ ಎರಡು ತಿಂಗಳಿಗೊಮ್ಮೆ, ಚಾರ್ಜ್ ಆದ ಮೇಲೆ ಡಿಸ್ಟಿಲ್ಡ್ ವಾಟರನ್ನು ಗುರುತಿನವರೆಗೆ ಹಾಕಬೇಕು. ಕೊಳವೆ ಬಾವಿಯ ನೀರನ್ನಾಗಲಿ, ಕುಡಿಯುವ ಫಿಲ್ಟರ್ ನೀರನ್ನಾಗಲಿ, ಮೇಲಣಿಂದ ಆಮ್ಲವನ್ನಾಗಲಿ ಹಾಕಲೇಕೂಡದು.

ಸೀಸವೋ ಲಿಥಿಯಮೋ

ಈಚೆಗೆ ಲಿಥಿಯಮ್ ಬ್ಯಾಟರಿಗಳ ಪ್ರಶಂಸೆ ಎಲ್ಲೆಡೆ ಕೇಳಿಬರುತ್ತಿದೆ. ಲಿಥಿಯಮ್-ಅಯಾನ್ ಬ್ಯಾಟರಿಯ ಬೆಳವಣಿಗೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಮನೆ-ಶಾಲೆಗಳ ಬಳಕೆಗೆ ಯೋಗ್ಯವಾದುದು ಆ ಕುಲದಲ್ಲಿ ಕಬ್ಬಿಣ ಮತ್ತು ಫಾಸ್ಫೇಟು ಕೂಡಿದ ಬಗೆ. ಅದು ಬಿಸಿಗೆ ಬೆಂಕಿ ಹಿಡಿಯುವ ಸಂಭವ ಇತರ ಲಿಥಿಯಮ್ ಬಗೆಗಳಿಗಿಂತ ಕಡಿಮೆ. ನಾಲ್ಕು ಕೋಶಗಳು ಸೇರಿ 12.8 ವೋಲ್ಟ್ ಕೊಡುತ್ತವೆ. ನೂರಕ್ಕೆ ಎಂಬತ್ತರಷ್ಟನ್ನು ಅಂಜದೆ ಬಳಸಬಹುದು, ನೀರು ಹಾಕಬೇಕಿಲ್ಲ, ಅರ್ಧ ತುಂಬಿದ ಸ್ಥಿತಿಯಲ್ಲಿ ಬಿಟ್ಟರೆ ಕೆಡದು. ಹಾಗಾದರೆ ಎಲ್ಲರೂ ಅದನ್ನೇ ಏಕೆ ಕೊಳ್ಳಬಾರದು?

ಉತ್ತರವು ಬ್ಯಾಟರಿಯಲ್ಲಿಲ್ಲ, ಬಳಕೆಯಲ್ಲಿದೆ. 150ರ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧದವರೆಗೆ ಬಳಸಿದರೆ ಒಂದು ಸಾರಿಗೆ 0.9 ಯೂನಿಟ್ ದೊರೆಯುತ್ತದೆ. ಅದು 1500 ಸಾರಿ ತುಂಬಿ ಖಾಲಿಯಾಗುವುದೆಂದು ಹಿಡಿದರೆ ಜೀವಮಾನದ ಒಟ್ಟು 1350 ಯೂನಿಟ್. 100ರ ಲಿಥಿಯಮ್ ಬ್ಯಾಟರಿಯನ್ನು ಎಂಬತ್ತರವರೆಗೆ ಬಳಸಿದರೆ ಒಂದು ಸಾರಿಗೆ ಸುಮಾರು 1 ಯೂನಿಟ್. 2500 ಸಾರಿಗೆ 2500 ಯೂನಿಟ್. ದಿನವೂ ತುಂಬಿ ದಿನವೂ ಖಾಲಿಯಾಗುವ ಸೌರ ವ್ಯವಸ್ಥೆಯಲ್ಲಿ ಲಿಥಿಯಮ್ಮಿನ ಬೆಲೆ ಟ್ಯೂಬುಲರಿನ ಒಂದೂ ಮುಕ್ಕಾಲು ಪಟ್ಟಿನವರೆಗೆ ಇದ್ದರೂ ಅದು ದುಬಾರಿಯಲ್ಲ. ಅಂಗಡಿಯ ದರವನ್ನು ಈ ಯೂನಿಟ್ಟುಗಳಿಂದ ಭಾಗಿಸಿ ನೋಡಿದರೆ ನಿರ್ಣಯ ತಾನಾಗಿಯೇ ಹೊಳೆಯುತ್ತದೆ.

ಆದರೆ ಪಟ್ಟಣದ ಶಾಲೆಯೊಂದರಲ್ಲಿ ವಾರಕ್ಕೆ ಮೂರು ಸಾರಿ ಮಾತ್ರ ವಿದ್ಯುತ್ತು ಹೋಗುವುದಾದರೆ? ವರ್ಷಕ್ಕೆ ನೂರೈವತ್ತು ಸಾರಿ. 1500 ಸಾರಿ ಪೂರೈಸಲು ಹತ್ತು ವರ್ಷ ಬೇಕು. ಅಷ್ಟರೊಳಗೆ ಟ್ಯೂಬುಲರ್ ಬ್ಯಾಟರಿ ಬಳಕೆಯಿಂದಲ್ಲ, ವಯಸ್ಸಿನಿಂದ ಮತ್ತು ಬಿಸಿಲಿನಿಂದ ಸಾಯುತ್ತದೆ. 2500 ಸಾರಿಯ ಸಾಮರ್ಥ್ಯವುಳ್ಳ ಲಿಥಿಯಮ್ಮಿಗೆ ಹದಿನಾರು ವರ್ಷವೇ ಬೇಕಾದೀತು. ಅದಲ್ಲದೆ ಸದಾ ಪೂರ್ಣ ತುಂಬಿ ಬಿಸಿಯಲ್ಲಿ ಕುಳಿತ ಲಿಥಿಯಮ್ ಬ್ಯಾಟರಿಯೂ ಸುಮ್ಮನೆ ಮುದಿಯಾಗುತ್ತದೆ. ಇಂಥಲ್ಲಿ ಹೆಚ್ಚಿನ ಹಣವನ್ನು ಎಂದೂ ಬಳಸದ ಸಾಮರ್ಥ್ಯಕ್ಕೆ ತೆತ್ತಂತಾಗುತ್ತದೆ. ವಿದ್ಯುತ್ ಜಾಲವು ಇರುವ ಶಾಲೆಗೆ ನೀರು ಹಾಕುವ ಎತ್ತರದ ಟ್ಯೂಬುಲರ್ ಬ್ಯಾಟರಿ, ಜಾಲವಿಲ್ಲದ ಅಥವಾ ದಿನವೂ ಸೌರ ವಿದ್ಯುತ್ತನ್ನೇ ನೆಚ್ಚಿದ ಸ್ಥಳಕ್ಕೆ ಲಿಥಿಯಮ್: ಸದ್ಯದ ಸ್ಥಿತಿಯಲ್ಲಿ ಇದೇ ಸರಿಯಾದ ವಿಭಜನೆಯೆನ್ನಬಹುದು. ನೀರು ಹಾಕಲು ಯಾರೂ ಹೊಣೆಯಿಲ್ಲದ ಸಂಸ್ಥೆಗಳು ಮಾತ್ರ ಇದಕ್ಕೆ ಅಪವಾದ. ಅಲ್ಲಿ ಯಾವ ಟ್ಯೂಬುಲರೂ ಬಾಳದು.

ಲಿಥಿಯಮ್ ಕೊಳ್ಳುವವರು ಇನ್ವರ್ಟರನ್ನೂ ನೋಡಿಕೊಳ್ಳಬೇಕು. ಸೀಸದ ಬ್ಯಾಟರಿಗೆಂದೇ ಮಾಡಿದ ಹಳೆಯ ಇನ್ವರ್ಟರುಗಳು ಆಗಾಗ 15 ವೋಲ್ಟಿನ ಮೇಲಕ್ಕೆ ಏರಿಸಿ ಕೋಶಗಳನ್ನು ಸಮಗೊಳಿಸುತ್ತವೆ, ಲಿಥಿಯಮ್ಮಿಗೆ 14.6ರ ಮೇಲೆ ಏರಕೂಡದು. ಬ್ಯಾಟರಿಯೊಳಗಿನ ರಕ್ಷಕ ಯಂತ್ರವು ಆಗ ಸಂಪರ್ಕವನ್ನು ಕಡಿದುಹಾಕುತ್ತದೆ, ದೀಪಗಳೆಲ್ಲ ಒಮ್ಮೆಲೇ ಆರುತ್ತವೆ, ದೋಷ ಬ್ಯಾಟರಿಯ ತಲೆಗೆ ಬರುತ್ತದೆ. ಲಿಥಿಯಮ್ಮಿಗೆ ಪ್ರತ್ಯೇಕ ಆಯ್ಕೆಯುಳ್ಳ ಇನ್ವರ್ಟರೇ ಬೇಕು.

ಸೌರ ದೀಪಗಳ ಇತಿಹಾಸವೂ ಇದೇ ಪಾಠವನ್ನು ಹೇಳುತ್ತದೆ. ಕರ್ನಾಟಕದ ಹಳ್ಳಿಮನೆಗಳಿಗೆ ಸೌರ ದೀಪವನ್ನು ಮುಟ್ಟಿಸುವಲ್ಲಿ 1995ರಲ್ಲಿ ಸ್ಥಾಪಿತವಾದ ಸೆಲ್ಕೋ ಸಂಸ್ಥೆಯ ಪಾತ್ರ ದೊಡ್ಡದು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಮಾಡಿನ ಮೇಲಿನ ಫಲಕವು ಇಪ್ಪತ್ತು-ಇಪ್ಪತ್ತೈದು ವರ್ಷ ಬಾಳುತ್ತದೆ. ಆ ಅವಧಿಯಲ್ಲಿ ಸೀಸದ ಬ್ಯಾಟರಿಯನ್ನು ನಾಲ್ಕೈದು ಸಾರಿ ಬದಲಾಯಿಸಬೇಕಾಗುತ್ತದೆ. ಫಲಕವನ್ನು ದಾನ ಕೊಡುವ ಉತ್ಸಾಹದಲ್ಲಿ ಈ ನಾಲ್ಕೈದು ಬದಲಾವಣೆಗಳ ಹಣವನ್ನು ತೆಗೆದಿಡದ ಸಂಸ್ಥೆಗಳಲ್ಲಿ ಫಲಕವು ಮಾಡಿನ ಮೇಲೆ ಹೊಳೆಯುತ್ತಿರುತ್ತದೆ, ಕೆಳಗೆ ದೀಪವಿರುವುದಿಲ್ಲ. ಮೇಲೆ ಹೇಳಿದ ಅಭ್ಯಾಸಗೃಹವನ್ನು ಸೂರ್ಯನಿಂದಲೇ ನಡೆಸುವುದಾದರೆ, ದಿನಕ್ಕೆ ಐದು ಘಂಟೆಯ ಪೂರ್ಣ ಬಿಸಿಲನ್ನೂ ಧೂಳು-ಶಾಖ-ತಂತಿಗಳ ನಷ್ಟವನ್ನೂ ಲೆಕ್ಕಿಸಿದಾಗ ಸುಮಾರು 300 ವ್ಯಾಟಿನ ಫಲಕ ಬೇಕಾಗುತ್ತದೆ. ತೊಗರಿಯ ರಾಶಿಯ ಕಾಲದಲ್ಲಿ ಫಲಕದ ಮೇಲೆ ಹೊಟ್ಟು-ಧೂಳು ಕೂಡುವುದರಿಂದ ವಾರಕ್ಕೊಮ್ಮೆ ತೊಳೆಯುವುದು ಅವಶ್ಯ. ಹುಡುಗರು ಇದನ್ನು ಸಂತೋಷದಿಂದ ಮಾಡುತ್ತಾರೆ, ಏಣಿಯ ಬುಡದಲ್ಲಿ ಹಿರಿಯರೊಬ್ಬರಿರಬೇಕು ಅಷ್ಟೆ.

ಸಂಚಾರಿ ವಾಹನದ ಬ್ಯಾಟರಿ

ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರೊಡನೆ ದಾಸೋಹದ ಸಾಮಗ್ರಿ, ಹಾಸಿಗೆ, ಔಷಧಿಗಳನ್ನು ಹೊತ್ತ ವಾಹನವೊಂದು ಸಾಗುವುದುಂಟು. ದಿನಗಟ್ಟಲೆ ಅದೇ ಅವರ ಮನೆ. ಪ್ರವಾಸಿಗರು ಮನೆಯಂತೆ ಬಳಸುವ ಕಾರವಾನ್ ವಾಹನಗಳ ಸಮಸ್ಯೆಯೇ ಇದರದೂ ಆಗಿದೆ. ಗೋಡೆಯಲ್ಲಿ ಪ್ಲಗ್ಗಿಲ್ಲ, ತಂಗುವ ಸ್ಥಳ ಮರದ ನೆರಳು, ಬಿಸಿಲು ಚೈತ್ರದ್ದು.

ವಾಹನದ ಎಂಜಿನನ್ನು ಚಾಲೂ ಮಾಡುವ ಬ್ಯಾಟರಿಯಿಂದಲೇ ರಾತ್ರಿಯಿಡೀ ದೀಪ ಉರಿಸುವುದು ಮೊದಲನೆಯ ತಪ್ಪು. ಅದರ ಫಲಕಗಳು ತೆಳ್ಳಗಿರುತ್ತವೆ. ಕ್ಷಣಕಾಲ ನೂರಾರು ಆಂಪಿಯರ್ ಕೊಡುವುದಕ್ಕಾಗಿ ರಚಿತವಾದುವು, ಆಳಕ್ಕೆ ಖಾಲಿಯಾಗುವುದಕ್ಕಲ್ಲ. ಹಲವು ಸಾರಿ ಪೂರ್ತಿ ಇಳಿಸಿದರೆ ಅದು ಮುಗಿಯಿತು. ಬೆಳಗಾದಾಗ ವಾಹನವನ್ನು ನೂಕುವ ಸರದಿ ಭಕ್ತರದು. ಮನೆಬಳಕೆಗೆ ಎರಡನೆಯ ಬ್ಯಾಟರಿ ಪ್ರತ್ಯೇಕವಾಗಿಯೇ ಇರಬೇಕು. ಅದು ಟ್ಯೂಬುಲರ್ ಆಗಿರಕೂಡದು: ಕುಲುಕಾಟಕ್ಕೆ ಆಮ್ಲ ತುಳುಕುತ್ತದೆ, 200ರ ಅಳತೆಯದಾದರೆ ತೂಕವೇ ಅರವತ್ತು ಕಿಲೋ ದಾಟುತ್ತದೆ.

ಬೇಡಿಕೆಯನ್ನು ಎಣಿಸಿದರೆ, 9 ವ್ಯಾಟಿನ ನಾಲ್ಕು ದೀಪಗಳು ನಾಲ್ಕು ಘಂಟೆಗೆ 144 ವ್ಯಾಟ್-ಘಂಟೆ, ಮೂವತ್ತು ಮೊಬೈಲುಗಳ ಚಾರ್ಜಿಗೆ 450, ಭಜನೆಯ ಧ್ವನಿವರ್ಧಕಕ್ಕೆ ಎರಡು ಘಂಟೆಗೆ 120, ಇನ್ಸುಲಿನ್ ಮೊದಲಾದ ಔಷಧಿಗಳ 12 ವೋಲ್ಟಿನ ಪುಟ್ಟ ಶೀತಕಪೆಟ್ಟಿಗೆಗೆ ಈ ಬಿಸಿಲಿನಲ್ಲಿ 480. ಒಟ್ಟು ಸುಮಾರು 1200. ಮೊಬೈಲುಗಳೇ ಇದರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ನುಂಗುತ್ತವೆ ಎಂಬುದು ಗಮನಾರ್ಹ. ಎಲ್ಲವನ್ನೂ 12 ವೋಲ್ಟಿನಿಂದ ನೇರವಾಗಿ ನಡೆಸಿದರೆ ಇನ್ವರ್ಟರಿನ ನಷ್ಟ ಉಳಿಯುತ್ತದೆ. ಸೀಸದ್ದಾದರೆ 200 ಆಂಪಿಯರ್-ಘಂಟೆ ಬೇಕು. ಲಿಥಿಯಮ್ ಆದರೆ 120 ಸಾಕು, ತೂಕ ಹದಿನೈದು ಕಿಲೋದ ಆಸುಪಾಸು. ಉಳಿದ ನಲವತ್ತೈದು ಕಿಲೋದಲ್ಲಿ ಎಷ್ಟು ಜೋಳದ ಹಿಟ್ಟನ್ನು ಒಯ್ಯಬಹುದೆಂಬುದನ್ನು ದಾಸೋಹದವರಿಗೆ ವಿವರಿಸಬೇಕಾಗಿಲ್ಲ.

ತುಂಬಿಸುವುದು ಹೇಗೆ? ಎಂಜಿನಿನ ಆಲ್ಟರ್ನೇಟರಿಗೆ ಲಿಥಿಯಮ್ ಬ್ಯಾಟರಿಯನ್ನು ನೇರವಾಗಿ ಜೋಡಿಸಿದರೆ ಅದು ಮಿತಿಯಿಲ್ಲದೆ ಪ್ರವಾಹವನ್ನು ಸೆಳೆದು ಆಲ್ಟರ್ನೇಟರನ್ನು ಸುಟ್ಟೀತು. ಮಧ್ಯದಲ್ಲಿ ಮಿತಿಗೊಳಿಸುವ ಡಿ.ಸಿ.-ಡಿ.ಸಿ. ಚಾರ್ಜರ್ ಇರತಕ್ಕದ್ದು. 20 ಆಂಪಿಯರಿನದಾದರೆ ಎರಡು ಘಂಟೆಯ ಓಟಕ್ಕೆ ಸುಮಾರು 520 ವ್ಯಾಟ್-ಘಂಟೆ. ನಡೆಯುವವರ ಜೊತೆ ಹೊರಟ ವಾಹನವು ದಿನಕ್ಕೆ ಅದಕ್ಕಿಂತ ಹೆಚ್ಚು ಓಡುವುದಿಲ್ಲ. ಮಾಡಿನ ಮೇಲೆ 200 ವ್ಯಾಟಿನ ಫಲಕವೊಂದಿದ್ದರೆ ಮತ್ತೆ 750ರಷ್ಟು ದೊರೆತು ಲೆಕ್ಕ ಸರಿಹೋಗುತ್ತದೆ. ಆದರೆ ಫಲಕಕ್ಕಾಗಿ ವಾಹನ ಬಿಸಿಲಿನಲ್ಲಿ ನಿಲ್ಲಬೇಕು, ಬ್ಯಾಟರಿ ನೆರಳಿನಲ್ಲಿರಬೇಕು. 45 ಡಿಗ್ರಿ ದಾಟಿದ ಲಿಥಿಯಮ್ ಬ್ಯಾಟರಿಯನ್ನು ಚಾರ್ಜ್ ಮಾಡಬಾರದೆಂದು ತಯಾರಕರು ಸಾಮಾನ್ಯವಾಗಿ ಎಚ್ಚರಿಸುವುದರಿಂದ ಅದನ್ನು ಎಂಜಿನಿನ ಬಳಿಯಲ್ಲಾಗಲಿ ತಗಡಿನ ಮಾಡಿಗೆ ತಾಗಿಸಿಯಾಗಲಿ ಇಡದೆ ಆಸನದ ಕೆಳಗೆ, ಗಾಳಿಯಾಡುವಲ್ಲಿ ಇಡಬೇಕು. ಧನ ಧ್ರುವದ ಪಕ್ಕದಲ್ಲಿಯೇ ಫ್ಯೂಜು ಇರಲಿ. ತಂತಿ ಉಜ್ಜಿ ಸುಟ್ಟ ವಾಹನದಲ್ಲಿ ಹಾಸಿಗೆಗಳಿರುತ್ತವೆ, ಅಡುಗೆಯ ಅನಿಲವಿರುತ್ತದೆ.

ಕೊಳ್ಳುವಾಗ, ಕೊಟ್ಟಾಗ

ಎರಡು ಬ್ಯಾಟರಿಗಳ ಜೋಡಿಯಲ್ಲಿ ಒಂದು ಕೆಟ್ಟರೆ ಒಂದನ್ನೇ ಬದಲಿಸುವ ಆಸೆ ಸಹಜ. ಹಳೆಯದರೊಡನೆ ಸಾಲಾಗಿ ಕಟ್ಟಿದ ಹೊಸದು ಎಂದೂ ಪೂರ್ತಿ ತುಂಬದು; ಹಳೆಯದು ಮೊದಲೇ ಖಾಲಿಯಾಗಿ ಹಿಮ್ಮುಖ ಪ್ರವಾಹಕ್ಕೆ ಸಿಕ್ಕುತ್ತದೆ. ಎತ್ತುಗಳ ಜೋಡಿ ನೋಡುವ ರೈತನಿಗೆ ಇದು ಬೇಗ ತಿಳಿಯುತ್ತದೆ. ಈ ವರ್ಷ ಒಬ್ಬ ದಾನಿಗಳಿಂದ ಒಂದು, ಮುಂದಿನ ವರ್ಷ ಮತ್ತೊಬ್ಬರಿಂದ ಬೇರೆ ತಯಾರಕರ ಇನ್ನೊಂದು ಎಂಬ ಕ್ರಮದಿಂದ ಇಬ್ಬರ ಕೊಡುಗೆಯೂ ವ್ಯರ್ಥವಾಗುತ್ತದೆ. ಇಬ್ಬರ ಹಣವನ್ನೂ ಕೂಡಿಸಿ ಒಂದೇ ದಿನ, ಒಂದೇ ತಿಂಗಳಲ್ಲಿ ತಯಾರಾದ ಜೋಡಿಯನ್ನು ಕೊಳ್ಳುವುದೇ ಸರಿ.

ತಯಾರಿಕೆಯ ತಿಂಗಳನ್ನು ಬ್ಯಾಟರಿಯ ಮೇಲೆಯೇ ಅಚ್ಚೊತ್ತಿರುತ್ತಾರೆ. ಅಂಗಡಿಯ ಸೆಕೆಯಲ್ಲಿ ಆರು ತಿಂಗಳು ಕುಳಿತ ಸೀಸದ ಬ್ಯಾಟರಿ ಕೊಳ್ಳುವ ಮೊದಲೇ ತುಸು ಹರಳುಗಟ್ಟಿರುತ್ತದೆ. ಮೂರು ತಿಂಗಳಿಗಿಂತ ಹಳೆಯದನ್ನು ಒಲ್ಲೆನೆನ್ನಲು ಸಂಕೋಚಪಡಬೇಕಾಗಿಲ್ಲ. ಖಾತರಿ ಚೀಟಿಯಲ್ಲಿ 36+24 ಎಂದಿದ್ದರೆ ಅದು ಐದು ವರ್ಷದ ಖಾತರಿಯಲ್ಲ: ಮೊದಲ 36 ತಿಂಗಳು ಉಚಿತ ಬದಲಾವಣೆ, ಅನಂತರದ 24 ತಿಂಗಳು ಹೊಸದರ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಮಾತ್ರ. ಚೀಟಿಗೆ ಅಂಗಡಿಯ ಮುದ್ರೆ ಮತ್ತು ದಿನಾಂಕ ಬಿದ್ದಿರಬೇಕು.

ಖಂಡೇಪೂಜೆಯ ದಿನ ಯಂತ್ರಗಳೊಡನೆ ಬ್ಯಾಟರಿಗೂ ವಿಭೂತಿ-ಕುಂಕುಮ ಹಚ್ಚಿ ಊದಿನಕಡ್ಡಿ, ಕರ್ಪೂರ ಬೆಳಗುವುದುಂಟು. ಚಾರ್ಜ್ ಆಗುತ್ತಿರುವ ಸೀಸದ ಬ್ಯಾಟರಿಯಿಂದ ಹೊರಡುವ ಜಲಜನಕವು ಗಾಳಿಯಲ್ಲಿ ನೂರಕ್ಕೆ ನಾಲ್ಕರಷ್ಟಾದರೂ ಕಿಡಿಗೆ ಸಿಡಿಯುತ್ತದೆ. ಆ ದಿನ ಇನ್ವರ್ಟರನ್ನು ಆರಿಸಿ, ಕಿಟಕಿ-ಬಾಗಿಲು ತೆರೆದು, ಬೆಂಕಿಯನ್ನು ಹೊರಗಿನಿಂದಲೇ ಬೆಳಗುವುದು ಕ್ಷೇಮ.

ಹಳೆಯ ಬ್ಯಾಟರಿಯಲ್ಲಿ ತೂಕದ ಬಹುಭಾಗ ಸೀಸ. ಅದನ್ನು ಬಯಲಿನಲ್ಲಿ ಒಡೆದು ಕುಲುಮೆಯಲ್ಲಿ ಕರಗಿಸುವವರ ಹೊಗೆ ಮತ್ತು ಚೆಲ್ಲಿದ ಆಮ್ಲ ಎರಡೂ ವಿಷ. ಬೆಳೆಯುವ ಮಕ್ಕಳ ಮೆದುಳಿಗೆ ಸೀಸವು ಮಾಡುವ ಹಾನಿ ಮರಳಿ ಸರಿಪಡದಂಥದು. ಕೇಂದ್ರ ಸರ್ಕಾರವು 2022ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದಾಗಿದೆ. ಗುಜರಿಯವನು ನಾಲ್ಕು ಕಾಸು ಹೆಚ್ಚು ಕೊಟ್ಟರೂ ಶಾಲೆಯ ಬ್ಯಾಟರಿ ಅವನ ಗಾಡಿಯನ್ನೇರಬಾರದು. ಹೊಸದನ್ನು ಕೊಂಡ ಅಂಗಡಿಗೇ ಕೊಟ್ಟು ರಸೀದಿ ಪಡೆಯಬೇಕು. ಹಳೆಯದರ ತೂಕ, ಕೊಟ್ಟ ದಿನಾಂಕ, ಅದು ಕೆಟ್ಟ ಕಾರಣ ಮತ್ತು ಕೊನೆಯ ದಿನ ಅಳೆದ ಆರು ಕೋಶಗಳ ಅಂಕಿಗಳನ್ನು ದಾಸ್ತಾನು ಪುಸ್ತಕದಲ್ಲಿ ಹೊಸ ಬ್ಯಾಟರಿಯ ನಮೂದಿನ ಪಕ್ಕದಲ್ಲಿಯೇ ಬರೆದಿಡತಕ್ಕದ್ದು.